ಮುಯ್ಯಿಯಲ್ಲಿ ಬರೆಯದ ಪಟಗಳು

ಮದುವೆಯ ಮನೆಯಲ್ಲಿ ಲೆಕ್ಕವಿಲ್ಲದ ವಸ್ತು ಒಂದಾದರೂ ಉಂಟೆ? ಇಷ್ಟು ಸೇರು ಬೇಳೆ, ಇಷ್ಟು ತೆಂಗಿನಕಾಯಿ, ಇಷ್ಟು ಕಟ್ಟು ವೀಳ್ಯದೆಲೆ, ಬಾಡಿಗೆಗೆ ತಂದ ಕೊಪ್ಪರಿಗೆ ಎಷ್ಟು, ತಿರುಗಿ ಕೊಟ್ಟಿದ್ದು ಎಷ್ಟು, ಎಲ್ಲಕ್ಕೂ ಚೀಟಿ. ಮುಯ್ಯಿಯ ವಿಷಯವಂತೂ ಕೇಳಲೇಬೇಡಿ. ಅಕ್ಷರ ದುಂಡಗಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹಿಡಿದು ಕೂರಿಸಿ, ಉದ್ದನೆಯ ನೋಟುಬುಕ್ಕು ಕೈಗೆ ಕೊಟ್ಟು, ಬಂದವರು ಕೊಟ್ಟ ಹನ್ನೊಂದು ರೂಪಾಯಿಯಿಂದ ಹಿಡಿದು ಹಿತ್ತಾಳೆಯ ಚೊಂಬಿನವರೆಗೆ ಬರೆಸಿಡುತ್ತಿದ್ದರು. ನಾಳೆ ಅವರ ಮನೆಯಲ್ಲಿ ಮುಂಜಿಯೋ ಮದುವೆಯೋ ಆದಾಗ ಆ ಪುಸ್ತಕ ತೆರೆದು ನೋಡಿ, ಅವರು ಕೊಟ್ಟಿದ್ದಕ್ಕೆ ಒಂದು ರೂಪಾಯಿಯಾದರೂ ಹೆಚ್ಚಿಗೆ ಸೇರಿಸಿ ಕೊಡುವುದು ಮರ್ಯಾದೆ. ಆ ಪುಸ್ತಕವನ್ನು ಜೋಪಾನವಾಗಿ ಕಾಯುತ್ತಿದ್ದವರು ಮನೆಯ ಹೆಂಗಸರೇ. ಗಂಡಸರಿಗೆ ಅದು ಎಲ್ಲಿದೆ ಎಂಬುದೂ ತಿಳಿದಿರುತ್ತಿರಲಿಲ್ಲ.

ಅದೇ ಮದುವೆಗೆ ಬಂದವರು ತೆಗೆದ ಫೋಟೋಗಳಿಗೆ ಮಾತ್ರ ಯಾವ ಪುಸ್ತಕದಲ್ಲೂ ಜಾಗವಿಲ್ಲ. ಹಣ ಕೊಟ್ಟು ಕರೆಸಿದ ಫೋಟೋದವರ ಆಲ್ಬಂ ಒಂದು ಬೀರುವಿನಲ್ಲಿ ಭದ್ರವಾಗಿ ಕೂರುತ್ತದೆ. ಬಂದುಹೋದ ನೆಂಟರು ತಮ್ಮ ಪಾಡಿಗೆ ತಾವು ತೆಗೆದುಕೊಂಡ ಪಟಗಳು ನಾಲ್ಕು ಊರಿನ ನಾಲ್ಕು ಟ್ರಂಕುಗಳಲ್ಲಿ ಹಂಚಿಹೋಗುತ್ತವೆ. ಆಲ್ಬಂನ್ನು ಎಲ್ಲರೂ ಮದುವೆಯ ಚರಿತ್ರೆ ಎನ್ನುತ್ತಾರೆ. ನನಗೇನೋ ಅರ್ಧ ಚರಿತ್ರೆ ಆ ಟ್ರಂಕುಗಳಲ್ಲಿಯೇ ಇದೆ ಎನ್ನಿಸುತ್ತದೆ. ಅದರಲ್ಲೂ ನಮ್ಮ ಹೆಂಗಸರ ಚರಿತ್ರೆ. ಹೀಗೆ ಹೇಳುವುದಕ್ಕೆ ಕಾರಣ ಕೊಡಬೇಕಾದರೆ ಕ್ಯಾಮೆರಾ ಮದುವೆಯ ಮನೆಗೆ ಬಂದ ಬಗೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬಾತನ ಫೋಟೋ ವಿದ್ಯೆಯನ್ನು ಲೋಕಕ್ಕೆ ಸಾರಿದ್ದು 1839ರಲ್ಲಿ. ಮರುವರ್ಷವೇ ಅದರ ಸರಂಜಾಮು ಕಲ್ಕತ್ತೆಯನ್ನು ಮುಟ್ಟಿತ್ತು. ಅದೇ 1840ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯಾಯಿತು. ಬಿಳಿಯ ಉಡುಪಿನ ಮದುಮಗಳು ಎಂಬ ಕಲ್ಪನೆಯನ್ನೇ ಜಗತ್ತಿಗೆ ಹರಡಿದ ಆ ಮದುವೆಯ ಒಂದೇ ಒಂದು ಫೋಟೋ ಇಲ್ಲ. ಜನ ಇಂದಿಗೂ ಅವಳ ಮದುವೆಯ ಫೋಟೋ ಎಂದು ತೋರಿಸುವುದು 1854ರಲ್ಲಿ ರೋಜರ್ ಫೆಂಟನ್ ತೆಗೆದದ್ದು. ಆಗ ರಾಣಿಗೆ ಮದುವೆಯಾಗಿ ಹದಿನಾಲ್ಕು ವರ್ಷ. ಎಂಟು ಮಕ್ಕಳ ತಾಯಿ! ದರಬಾರಿನ ಉಡುಪಿನಲ್ಲಿ ಗಂಡನ ಎದುರು ನಿಂತಿದ್ದಾಳೆ, ಅಷ್ಟೆ. ನಿಂತ ಭಂಗಿ ಮದುಮಗಳದಾದರೆ ನೋಡುವವರು ಮದುವೆಯನ್ನು ತಾವೇ ಕಲ್ಪಿಸಿಕೊಳ್ಳುತ್ತಾರೆ. ಫೋಟೋ ಸುಳ್ಳು ಹೇಳುವುದಿಲ್ಲ ಎನ್ನುವವರು ಈ ಪಟವನ್ನೊಮ್ಮೆ ನೋಡಬೇಕು.

ಆ ಕಾಲದ ಫೋಟೋದ ಮುಂದೆ ಮಿಸುಕಾಡುವಂತಿರಲಿಲ್ಲ. ಒಂದು ಪಟಕ್ಕೆ ನಿಮಿಷಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಹಿಡಿ ಕೊಡುತ್ತಿದ್ದರಂತೆ. ಅದರಿಂದಲೇ ಹಳೆಯ ಪಟಗಳಲ್ಲಿ ಒಬ್ಬರೂ ನಗುವುದಿಲ್ಲ, ಮಕ್ಕಳ ಮುಖ ಮಂಜುಮಂಜು. ಆಮೇಲೆ ಯಂತ್ರ ಚುರುಕಾಯಿತು. ನಮ್ಮ ಬಿಗುಪು ಮಾತ್ರ ಹೋಗಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ನಮ್ಮ ಅಜ್ಜಿಯರ ಕಾಲದವರೆಗೂ ಗಟ್ಟಿಯಾಗಿಯೇ ಇತ್ತು. ಅದಕ್ಕಿಂತ ಗಟ್ಟಿಯಾದದ್ದು ಪರಪುರುಷನ ಮುಂದೆ ನಿಲ್ಲುವ ಸಂಕೋಚ. ಪ್ರಸಿದ್ಧ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ ಈ ಸಂಕೋಚಕ್ಕೆ ಒಂದು ಉಪಾಯ ಕಂಡುಕೊಂಡರು. 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದು, ಅದರ ಹೊಣೆಯನ್ನು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಗೆ ಒಪ್ಪಿಸಿದರು. ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ನಿಜಾಮರ ರಾಜ್ಯದಲ್ಲಿಯೇ ಇದ್ದವು. ಕ್ಯಾಮೆರಾದ ಹಿಂದೆ ಒಬ್ಬ ಹೆಂಗಸು ನಿಂತರೆ ಮುಂದೆ ನಿಲ್ಲುವ ಹೆಂಗಸಿನ ಮುಖ ಬೇರೆಯಾಗುತ್ತದೆ ಎಂಬುದನ್ನು ಅವರು ನೂರಮೂವತ್ತು ವರ್ಷದ ಹಿಂದೆಯೇ ಅರಿತಿದ್ದರು.

ಅರಮನೆಗಳಿಗೆ ಫೋಟೋ ಬೇಗನೆ ಒಗ್ಗಿತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾಯಿತು. 1912ರಲ್ಲಿ ಮುಗಿದ ಈಗಿನ ಅರಮನೆಯ ಕಲ್ಯಾಣ ಮಂಟಪವನ್ನು ನೀವು ನೋಡಿಯೇ ಇರುತ್ತೀರಿ. ಮೇಲೆ ನವಿಲುಗಳ ಬಣ್ಣದ ಗಾಜು, ಸುತ್ತಲ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರಗಳು. ಆ ಚಿತ್ರಗಳನ್ನು ಕಲಾವಿದರು ಮನಸ್ಸಿಗೆ ತೋಚಿದಂತೆ ಬರೆದದ್ದಲ್ಲ, ನಿಜವಾದ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆದದ್ದು. ಆದ್ದರಿಂದ ಅಲ್ಲಿನವು ಒಂದು ಕಾಲದಲ್ಲಿ ಮೈಸೂರಿನ ಬೀದಿಯಲ್ಲಿ ನಿಜಕ್ಕೂ ನಡೆದುಹೋದವರ ಮುಖಗಳು. ಮದುವೆ ನಡೆಯುವ ಜಾಗದಲ್ಲಿ ಊರಿನವರ ಮುಖಗಳನ್ನು ಉಳಿಸಿದ್ದು ನನಗೆ ಬಹಳ ಹಿಡಿಸಿತು. ಆದರೆ ಮೆರವಣಿಗೆ ಎಂದರೆ ಗಂಡಸರದೇ ತಾನೆ? ಅದನ್ನು ನೋಡುತ್ತ ಉಪ್ಪರಿಗೆಯಲ್ಲಿ ನಿಂತವರನ್ನು ಗೋಡೆಯ ಮೇಲೆ ಹುಡುಕಿ ಪ್ರಯೋಜನವಿಲ್ಲ.

ಅರಮನೆಯ ಮಾತು ಬಿಡಿ. ನಮ್ಮಂಥ ಊರುಗಳಲ್ಲಿ ಫೋಟೋದವರು ಮದುವೆಗೆ ಬರುತ್ತಿದ್ದುದೇ ದೊಡ್ಡ ಸುದ್ದಿ. ಮೂರು ಕಾಲಿನ ಸ್ಟ್ಯಾಂಡು, ಕರಿಯ ಬಟ್ಟೆ, ಒಬ್ಬ ಸಹಾಯಕ. ಅವರು ತೆಗೆಯುವ ಪಟಗಳ ಪಟ್ಟಿ ಮಂತ್ರದಷ್ಟೇ ಖಚಿತ. ವರಪೂಜೆ, ಕೊಡೆ ಹಿಡಿದ ಕಾಶಿಯಾತ್ರೆ, ಅಂತರಪಟ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಆಮೇಲೆ ಕುರ್ಚಿ ಹಾಕಿ ಎರಡು ಕಡೆಯ ಹಿರಿಯರ ಗುಂಪು. ಕುರ್ಚಿಯಲ್ಲಿ ಗಂಡಸರು, ಹಿಂದೆ ನಿಂತ ಹೆಂಗಸರು, ನೆಲದ ಮೇಲೆ ಜಮಖಾನೆಯಲ್ಲಿ ಮಕ್ಕಳು. ಒಂದೊಂದು ಪಟಕ್ಕೂ ದುಡ್ಡು ಕೊಡಬೇಕಾದ್ದರಿಂದ ಯಜಮಾನರು ಬೆರಳೆತ್ತಿ ತೋರಿಸಿದ್ದನ್ನು ಮಾತ್ರ ತೆಗೆಯುವುದು. ಅದರಲ್ಲಿ ಫೋಟೋದವರ ತಪ್ಪೇನೂ ಇಲ್ಲ. ಅವರ ಕಣ್ಣು ಹಸೆಮಣೆಯ ಕಡೆಗೇ ತಿರುಗಿರಬೇಕು, ಅದಕ್ಕೇ ಅವರಿಗೆ ಸಂಬಳ. ಆ ಕಡೆ ಬೆನ್ನಿನ ಹಿಂದೆ, ಅಡಿಗೆಮನೆಯಲ್ಲಿ, ಹಿತ್ತಲಿನಲ್ಲಿ, ಬಚ್ಚಲ ಒಲೆಯ ಮುಂದೆ, ಬಾಣಂತಿಯ ಕೋಣೆಯಲ್ಲಿ ಮದುವೆಯ ಇನ್ನೊಂದು ಭಾಗ ನಡೆಯುತ್ತಲೇ ಇರುತ್ತಿತ್ತು.

ಆ ಭಾಗಕ್ಕೆ ಕಣ್ಣು ಬಂದದ್ದು ನೆಂಟರ ಕೈಗೆ ಕ್ಯಾಮೆರಾ ಬಂದಾಗ. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕೊಡಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ಬಿಟ್ಟ. ನೂರು ಪಟಕ್ಕಾಗುವಷ್ಟು ಫಿಲ್ಮು ಅದರೊಳಗೇ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರೆ ಅವರು ತೊಳೆದು, ಹೊಸ ಫಿಲ್ಮು ತುಂಬಿ, ಪಟಗಳೊಂದಿಗೆ ವಾಪಸು ಕಳಿಸುತ್ತಿದ್ದರು. 1900ರಲ್ಲಿ ಅದೇ ಕಂಪನಿಯ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾ ಒಂದೇ ಡಾಲರಿಗೆ ಸಿಗತೊಡಗಿತು. ಈ ಸಾಮಾನನ್ನು ಹೆಚ್ಚಾಗಿ ಕೊಳ್ಳುವವರು ಮನೆಯ ಹೆಂಗಸರೇ ಎಂದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು. 1893ರಿಂದಲೇ ಅದರ ಜಾಹೀರಾತಿನಲ್ಲಿ ಕ್ಯಾಮೆರಾ ಹಿಡಿದ ತರುಣಿ ಕಾಣಿಸಿಕೊಂಡಳು. ನಮ್ಮಲ್ಲಿಗೆ ಆ ಗಾಳಿ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. 1960ರಲ್ಲಿ ಊಟಿಯಲ್ಲಿ ಸರ್ಕಾರದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಸ್ಥಾಪನೆಯಾಯಿತು, ಅದರ ‘ಇಂದು’ ಫಿಲ್ಮು ಅಂಗಡಿಗಳಿಗೆ ಬಂತು. ಅಗ್ಫಾ ಕ್ಲಿಕ್ ಎಂಬ ಪುಟ್ಟ ಕಪ್ಪು ಕ್ಯಾಮೆರಾ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು. ಒಂದು ರೋಲಿಗೆ ಹನ್ನೆರಡೇ ಪಟ, ಚೌಕಾಕಾರದವು. ಹನ್ನೆರಡನ್ನು ಹನ್ನೆರಡು ತಿಂಗಳು ತೆಗೆಯುತ್ತಿದ್ದ ಪುಣ್ಯಾತ್ಮರೂ ಇದ್ದರು! ಸಂಕ್ರಾಂತಿಯ ಎಳ್ಳು ಬೀರುವ ಹುಡುಗಿಯ ಪಕ್ಕದ ನೆಗೆಟಿವ್‌ನಲ್ಲಿಯೇ ದೀಪಾವಳಿಯ ಅಳಿಯಂದಿರು ಕಾಣಿಸುತ್ತಿದ್ದರು.

ನಮ್ಮ ಚಿಕ್ಕಮ್ಮನ ಮದುವೆ ಆದದ್ದು 1967ರಲ್ಲಿ, ಹಾಸನ ಜಿಲ್ಲೆಯ ನಮ್ಮ ಅಜ್ಜನ ಮನೆಯ ಮುಂದೆ ಹಾಕಿದ ಚಪ್ಪರದಲ್ಲಿ. ಸ್ಟುಡಿಯೋದವರು ಕೊಟ್ಟ ಆಲ್ಬಂನಲ್ಲಿ ಮೂವತ್ತೆರಡು ಪಟಗಳಿವೆ. ಅವುಗಳ ನಡುವಿನ ಜೇಡರಬಲೆಯಂಥ ಕಾಗದದ ಸಮೇತ ನಾನು ಅವನ್ನು ಎಷ್ಟು ಸಲ ನೋಡಿದ್ದೇನೋ. 2017ರಲ್ಲಿ ಆ ದಂಪತಿಗಳ ಐವತ್ತನೆಯ ವರ್ಷಕ್ಕೆ ನಾವು ಹುಡುಗಿಯರೆಲ್ಲ (ಎಲ್ಲರಿಗೂ ಐವತ್ತು ದಾಟಿದೆ, ಆದರೂ ತವರಿನಲ್ಲಿ ನಾವು ಹುಡುಗಿಯರೇ) ಸೇರಿ, ಆ ಮದುವೆಗೆ ಬಂದಿದ್ದವರ ಮನೆಗಳಿಗೆಲ್ಲ ಹೇಳಿಕಳಿಸಿದೆವು. ನಿಮ್ಮಲ್ಲಿ ಆ ದಿನದ ಪಟ ಯಾವುದಾದರೂ ಇದ್ದರೆ ದಯವಿಟ್ಟು ಕೊಡಿ, ಕಾಪಿ ಮಾಡಿಸಿಕೊಂಡು ಹಿಂದಿರುಗಿಸುತ್ತೇವೆ ಎಂದು. ಭದ್ರಾವತಿಯಿಂದ ಒಂದು ಲಕೋಟೆ ಬಂತು. ಚಿಕ್ಕಪ್ಪನ ಗೆಳೆಯರೊಬ್ಬರು ಆಗ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದರಂತೆ. ಹೊಸದಾಗಿ ಕೊಂಡಿದ್ದ ಅಗ್ಫಾ ಕ್ಲಿಕ್ ಹೆಗಲಿಗೆ ಹಾಕಿಕೊಂಡು ಮದುವೆಗೆ ಬಂದಿದ್ದರಂತೆ. ಅವರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಪತ್ನಿ ಹುಡುಕಿ ಕಳಿಸಿದ್ದ ಲಕೋಟೆಯಲ್ಲಿ ಬಿಳಿಯ ಅಂಚಿನ ಐದು ಚೌಕಗಳು, ಒಂದೊಂದೂ ಬಿಸ್ಕತ್ತಿನಷ್ಟೇ ದೊಡ್ಡದು.

ನಾಲ್ಕರಲ್ಲಿ ಅವರ ಗೆಳೆಯರೇ ಇದ್ದರು. ಐದನೆಯದನ್ನು ಹಿತ್ತಲಲ್ಲಿ ತೆಗೆದಿದ್ದರು. ಕುಡಿಯುವ ನೀರು ಕೇಳಿಕೊಂಡು ಹೋದವರಿಗೆ ಅಲ್ಲಿಯ ಬೆಳಕು ಹಿಡಿಸಿರಬೇಕು. ಕಟ್ಟಿಗೆಯ ಒಲೆಯ ಹೊಗೆ, ಬಾಳೆಯ ಗಿಡಗಳು, ನೆಲದ ಮೇಲೆ ಈಳಿಗೆಮಣೆಗಳ ಸಾಲು, ಐದು ಜನ ಹೆಂಗಸರು. ಅವರ ನಡುವೆ ಕಾಯಿ ತುರಿಯುತ್ತ, ತಲೆಯ ಮೇಲೆ ಸೆರಗು ಹೊದ್ದು, ತಟ್ಟನೆ ಮುಖವೆತ್ತಿ ನೋಡಿದವರು ನಮ್ಮ ಅಜ್ಜನ ಅಕ್ಕ. ಮನೆಯವರೆಲ್ಲರ ಬಾಯಲ್ಲಿ ಅವರು ‘ಅಕ್ಕಯ್ಯ’. ಒಂಬತ್ತು ವರ್ಷಕ್ಕೆ ಮದುವೆ, ಹನ್ನೆರಡಕ್ಕೆ ವೈಧವ್ಯ. ಆಮೇಲೆ ಅರವತ್ತು ವರ್ಷ ತಮ್ಮನ ಮನೆಯ ಮಡಿ ಅಡಿಗೆ. ತಲೆ ತೆಗೆಸಿ ಕೆಂಪು ಸೀರೆ ಉಟ್ಟವರು ಶುಭಕಾರ್ಯದ ಎದುರಿಗೆ ಬರಬಾರದು ಎಂಬ ಕಾಲವದು. ಧಾರೆಯ ಹೊತ್ತಿನಲ್ಲಿ ಅವರು ಚಪ್ಪರದ ಕಡೆ ಸುಳಿಯಲಿಲ್ಲ. ಆದರೆ ಅಷ್ಟೂ ಜನ ಉಂಡದ್ದು ಅವರ ಕೈಯ ಅಡಿಗೆಯನ್ನು. ಮೂವತ್ತೆರಡು ಪಟಗಳ ಆಲ್ಬಂನಲ್ಲಿ ಅವರ ನೆರಳೂ ಇಲ್ಲ. ಚಿಕ್ಕಮ್ಮ ಆ ಚೌಕವನ್ನು ಕನ್ನಡಕ ಒರೆಸಿಕೊಂಡು ನೋಡಿ, “ಅಕ್ಕಯ್ಯ ನನ್ನ ಮದುವೇಲಿ ಇದ್ರು ಕಣೇ” ಅಂದರು. ಇದ್ದರು ಎಂಬುದು ಚಿಕ್ಕಮ್ಮನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಕಣ್ಣಾರೆ ಕಂಡ ಮೇಲಿನ ಮಾತೇ ಬೇರೆ.

ಈಗ ಇನ್ನೊಂದು ಪ್ರಶ್ನೆ ಎದ್ದಿತು. ಫೋಟೋದ ಹಿಂದೆ ಬರೆಯೋಣವೆಂದರೆ ಅಕ್ಕಯ್ಯನ ಹೆಸರೇನು? ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ, ನಮ್ಮಮ್ಮನಿಗೂ ಗೊತ್ತಿರಲಿಲ್ಲವಂತೆ. ಎಪ್ಪತ್ತೈದು ವರ್ಷ ಬದುಕಿದವರನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಮುಯ್ಯಿಯ ಪುಸ್ತಕದಲ್ಲಿ. ಅದೇ ಮದುವೆಯ ಉದ್ದನೆಯ ನೋಟುಬುಕ್ಕಿನ ಎರಡನೆಯ ಪುಟದಲ್ಲಿ, ಯಾರೋ ದುಂಡಗೆ ಬರೆದಿದ್ದರು: ಅವರ ಹೆಸರು, ಅದರ ಮುಂದೆ ‘ಬೆಳ್ಳಿಯ ಕುಂಕುಮದ ಬಟ್ಟಲು ಒಂದು’. ಕುಂಕುಮ ಇಡುವ ಹಕ್ಕಿಲ್ಲದವರು ತಮ್ಮನ ಮಗಳಿಗೆ ಕೊಟ್ಟ ಉಡುಗೊರೆ ಅದು. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಮನೆಯದು, ಪಟದ ಹಿಂದೆ ಬರೆದಿಟ್ಟಿದ್ದೇನೆ.

ಹೆಂಗಸರ ಹೆಸರು ಚರಿತ್ರೆಯಲ್ಲಿ ಬೇಗ ಜಾರಿಹೋಗುತ್ತದೆ. ಮದುವೆಯಲ್ಲಿ ಹೆಸರನ್ನೇ ಬದಲಾಯಿಸುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿತ್ತು. ಹಳೆಯ ಪಟಗಳ ಹಿಂದೆ ‘ರಾಯರು ಮತ್ತು ಕುಟುಂಬ’ ಎಂದು ಬರೆದಿದ್ದರೆ ರಾಯರು ಯಾರೆಂದು ತಿಳಿಯುತ್ತದೆ, ಕುಟುಂಬ ಯಾರೆಂದು ತಿಳಿಯುವುದಿಲ್ಲ. ಕ್ಯಾಮೆರಾ ಹಿಡಿದವಳ ಪಾಡೂ ಅದೇ. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದ ಹೋಮೈ ವ್ಯಾರಾವಾಲಾ ಹುಟ್ಟಿದ್ದು 1913ರಲ್ಲಿ. ಅವರು ತೆಗೆದ ಮೊದಮೊದಲ ಪಟಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ! ಸ್ವಾತಂತ್ರ್ಯದ ಕಾಲದ ದೆಹಲಿಯ ಎಷ್ಟೋ ಗಳಿಗೆಗಳನ್ನು ಸೆರೆಹಿಡಿದ ಅವರಿಗೆ 2011ರಲ್ಲಿ ಪದ್ಮವಿಭೂಷಣ ಬಂತು, ಮರುವರ್ಷ ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೇ ಹಾಗಾದರೆ ಮದುವೆಯ ಮನೆಯಲ್ಲಿ ಪಟ ತೆಗೆದ ಅತ್ತಿಗೆ ನಾದಿನಿಯರ ಹೆಸರನ್ನು ಯಾರು ಬರೆದಾರು?

ಅಂದು ಪಟ ಹಂಚಿಕೊಳ್ಳುವುದೂ ಒಂದು ಕಲಾಪವಾಗಿತ್ತು. ಮದುವೆ ಮುಗಿದು ಹದಿನೈದು ದಿನಕ್ಕೆ ಸ್ಟುಡಿಯೋದಿಂದ ಸಣ್ಣ ಸಣ್ಣ ಮಾದರಿ ಪ್ರಿಂಟುಗಳು ಬರುತ್ತಿದ್ದವು. ಒಂದೊಂದಕ್ಕೂ ನಂಬರು. ‘ನನಗೆ ಏಳನೆಯದು ಒಂದು, ಹನ್ನೊಂದನೆಯದು ಎರಡು’ ಎಂದು ಅತ್ತೆಯರು ಆಯ್ದು ಹೇಳುತ್ತಿದ್ದರು. ಆಯ್ದವರು ಕಾಪಿಯ ದುಡ್ಡು ಕೊಡುವುದನ್ನು ಮರೆಯುತ್ತಿದ್ದುದೂ ಉಂಟು. ದೂರದ ಊರಿನವರಿಗೆ ಎರಡು ರಟ್ಟಿನ ನಡುವೆ ಇಟ್ಟು, ಲಕೋಟೆಯ ಮೇಲೆ ‘ಫೋಟೋ ಇದೆ, ಮಡಿಸಬೇಡಿ’ ಎಂದು ಬರೆದು ಅಂಚೆಗೆ ಹಾಕುವುದು. ಮಡಿಸದೆ ಬಂದರೆ ಅಂಚೆಯಣ್ಣನಿಗೆ ಒಂದು ಲೋಟ ಮಜ್ಜಿಗೆ. ಜೊತೆಯ ಕಾಗದದಲ್ಲಿ ಯಾರು ಯಾರ ಪಕ್ಕ ನಿಂತಿದ್ದಾರೆ ಎಂಬ ವಿವರಣೆ ಇರುತ್ತಿತ್ತು. ಆ ಕಾಗದಗಳೇ ಇಂದು ನಮಗೆ ಹೆಸರು ಹೇಳುತ್ತಿರುವುದು. ಪಟ ಕಳಿಸಿದ ಮೇಲೆ ಅವರ ಕಡೆಯಿಂದಲೂ ಒಂದು ಪಟ ಬರಬೇಕು. ಅದಕ್ಕೂ ಮುಯ್ಯಿಯ ನ್ಯಾಯವೇ.

ಎಂಬತ್ತರ ದಶಕಕ್ಕೆ ಬಣ್ಣ ಬಂತು, ಹಾಟ್ ಶಾಟ್ ಕ್ಯಾಮೆರಾ ಬಂತು, ಹಿಂದೆಯೇ ವಿಡಿಯೋದವರು ಬಂದರು. ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗ ಪುರೋಹಿತರಿಗೇ ‘ಸ್ವಲ್ಪ ಸರಿಯಿರಿ’ ಎನ್ನುವ ಧೈರ್ಯ ಮಾಡಿದ್ದು ಆಗಲೇ. ಊಟದ ಪಂಕ್ತಿಯಲ್ಲಿ ಬಾಯಿಗೆ ತುತ್ತಿಡುವ ಹೊತ್ತಿಗೆ ಸರಿಯಾಗಿ ದೀಪ ಹತ್ತಿಸುತ್ತಿದ್ದ ಅವನನ್ನು ಶಪಿಸದ ಹೆಂಗಸು ಯಾರಿದ್ದಾಳೆ? ಅತ್ತ ಜಪಾನಿನಲ್ಲಿ 1986ರಲ್ಲಿ ಫ್ಯೂಜಿ ಕಂಪನಿ ಒಂದು ಸಲ ಬಳಸಿ ಕೊಟ್ಟುಬಿಡುವ ರಟ್ಟಿನ ಕ್ಯಾಮೆರಾ ತಂದಿತ್ತು. ಅಮೆರಿಕದ ಮದುವೆಗಳಲ್ಲಿ ತೊಂಬತ್ತರ ದಶಕದಲ್ಲಿ ಊಟದ ಮೇಜಿಗೊಂದರಂತೆ ಅದನ್ನು ಇಡುವ ರೂಢಿ ಹಬ್ಬಿತು. ಅತಿಥಿಗಳು ತಮಗೆ ತೋಚಿದ್ದನ್ನು ತೆಗೆದು ಅಲ್ಲೇ ಬಿಟ್ಟುಹೋಗಬೇಕು, ಮನೆಯವರು ಎಲ್ಲವನ್ನೂ ಒಟ್ಟುಮಾಡಿ ತೊಳೆಸಬೇಕು. ಅಲ್ಲಿ ನೆಲೆಸಿದ್ದ ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿಯೂ ಹಾಗೆ ಮಾಡಿದ್ದರು. ಊರಿಗೆ ಬಂದಾಗ ಅವಳು ತೋರಿಸಿದ ಕಟ್ಟಿನಲ್ಲಿ ಅರ್ಧಕ್ಕರ್ಧ ಮೇಜಿನ ಕಾಲು, ಯಾರದೋ ಹೆಬ್ಬೆರಳು. ಉಳಿದರ್ಧದಲ್ಲಿ ಸ್ಟುಡಿಯೋದವರಿಗೆ ಎಂದೂ ಸಿಗದ ನಗು. ನೆಂಟರು ತೆಗೆದ ಪಟವನ್ನು ಕೇಳಿ ಒಟ್ಟುಮಾಡಬೇಕಾದ ವಸ್ತು ಎಂದು ನಾನು ಮೊದಲು ಕಂಡದ್ದು ಅಲ್ಲಿಯೇ.

ಇಂದಿನ ಮದುವೆಯ ಮಂಟಪದ ಬಾಗಿಲಲ್ಲಿ ಗಣಪತಿಯ ಪಕ್ಕಕ್ಕೇ ಒಂದು ಫಲಕ ನಿಂತಿರುತ್ತದೆ. ಅದರಲ್ಲಿ ಕಪ್ಪು ಬಿಳಿಯ ಚುಕ್ಕಿಗಳ ಒಂದು ಚೌಕ. ದೂರದಿಂದ ನೋಡಿದರೆ ತಪ್ಪಿಹೋದ ರಂಗೋಲಿಯಂತೆ ಕಾಣುತ್ತದೆ. ಮೊಬೈಲನ್ನು ಅದಕ್ಕೆ ಹಿಡಿದರೆ, ನೀವು ತೆಗೆದ ಪಟಗಳನ್ನು ಹಾಕುವ ಜಾಗ ತೆರೆಯುತ್ತದೆ. ಈ ಕ್ಯೂಆರ್ ಚೌಕವನ್ನು 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿ ರೂಪಿಸಿದ್ದು ಕಾರಿನ ಬಿಡಿಭಾಗಗಳ ಗುರುತಿಗಾಗಿ. ಅದು ಸುತ್ತಿ ಸುತ್ತಿ ಬೀಗರ ಗುರುತಿಗೆ ಬಂತು! ಕೆಲವು ಕಡೆ ನಿಮ್ಮ ಮುಖವನ್ನೊಮ್ಮೆ ತೋರಿಸಿದರೆ ಸಾವಿರ ಪಟಗಳಲ್ಲಿ ನೀವಿರುವುದನ್ನು ಹುಡುಕಿ ಕೊಡುವ ವ್ಯವಸ್ಥೆಯೂ ಉಂಟು. ಅಷ್ಟಿಲ್ಲದ ಮನೆಗಳಲ್ಲಿ ವಾಟ್ಸಾಪ್ ಗುಂಪು ಇದ್ದೇ ಇದೆ. 2020ರ ಕೊರೋನಾದಲ್ಲಿ ಮದುವೆಗೆ ಐವತ್ತೇ ಜನ ಎಂದು ಸರ್ಕಾರ ಮಿತಿ ಹಾಕಿದಾಗ, ಬರಲಾಗದವರೆಲ್ಲ ಅಕ್ಷತೆಯನ್ನು ಮೊಬೈಲಿನ ಮೇಲೆಯೇ ಹಾಕಿದ್ದನ್ನು ನಾವು ನೋಡಿದ್ದೇವೆ. ಹೋದ ಐವತ್ತು ಜನ ಕಳಿಸಿದ ಪಟಗಳೇ ಉಳಿದ ಐನೂರು ಜನರಿಗೆ ಮದುವೆ.

ಹಾಗಾದರೆ ಎಲ್ಲವೂ ಉಳಿಯಿತಲ್ಲ, ಇನ್ನೇನು ಚಿಂತೆ ಎನ್ನುತ್ತೀರಾ? ಉಳಿಯುವುದು ಅಷ್ಟು ಸುಲಭವಲ್ಲ. ಕಪ್ಪು ಬಿಳುಪಿನ ಪಟ ಬೆಳ್ಳಿಯದು. ಚೆನ್ನಾಗಿ ತೊಳೆದಿದ್ದರೆ ನೂರು ವರ್ಷವೂ ಬಾಳುತ್ತದೆ. ಎಪ್ಪತ್ತು ಎಂಬತ್ತರ ದಶಕದ ಬಣ್ಣದ ಪಟಗಳು ಆಗಲೇ ಕೆಂಪಡರಿವೆ. ಆ ಕಾಲದಲ್ಲಿ ಬಂದ ಅಂಟು ಹಾಳೆಯ ಆಲ್ಬಂಗಳ ಅಂಟೇ ಪಟವನ್ನು ತಿನ್ನುತ್ತದೆ. ವಿಡಿಯೋ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ, ಹಿಡಿಯದಿದ್ದರೂ ಹಾಕಿ ನೋಡುವ ಯಂತ್ರವಿಲ್ಲ. ಆ ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್ 2016ರಲ್ಲಿ ಅದನ್ನು ನಿಲ್ಲಿಸಿತು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದ್ದು ಸಾಮಾನ್ಯವಾಗಿ ಕುಗ್ಗಿ ಬರುತ್ತದೆ. ತೆಗೆದ ದಿನದ ಗುರುತೂ ಅಳಿಸಿಹೋಗುತ್ತದೆ. ಗೂಗಲ್ ಫೋಟೋಸ್ 2015ರಲ್ಲಿ ಎಷ್ಟು ಪಟ ಬೇಕಾದರೂ ಪುಕ್ಕಟೆ ಇಡುತ್ತೇನೆ ಎಂದಿತ್ತು, 2021ರ ಜೂನ್‌ನಿಂದ ಆ ಮಾತು ಮುಗಿಯಿತು. ಬೇರೆಯವರ ಅಟ್ಟದ ಮೇಲೆ ನಮ್ಮ ಟ್ರಂಕು ಇಟ್ಟರೆ ಇನ್ನೇನಾದೀತು?

ಇದಕ್ಕಿಂತ ದೊಡ್ಡ ಕೊರತೆ ಹೆಸರಿನದು. ಮೂವತ್ತೆರಡು ಪಟಗಳಿದ್ದಾಗ ಮೂವತ್ತೆರಡಕ್ಕೂ ಒಂದು ಕತೆ ಇತ್ತು. ಮೂರು ಸಾವಿರ ಪಟಗಳಿರುವಾಗ ಒಂದಕ್ಕೂ ಹೆಸರಿಲ್ಲ. ಇವತ್ತು ಯಾರೆಂದು ಎಲ್ಲರಿಗೂ ಗೊತ್ತು, ಬರೆಯುವುದೇಕೆ ಎಂಬ ಭಾವನೆ. ಅಕ್ಕಯ್ಯನ ಕಾಲದಲ್ಲೂ ಎಲ್ಲರಿಗೂ ಗೊತ್ತಿತ್ತು.

ಈ ಕೆಲಸವನ್ನು ದೊಡ್ಡದಾಗಿ ಮಾಡಿದವರೂ ಇದ್ದಾರೆ. ಅನುಷಾ ಯಾದವ್ ಎಂಬ ಛಾಯಾಗ್ರಾಹಕಿ ಭಾರತದ ಮದುವೆಗಳ ಬಗ್ಗೆ ಒಂದು ಪುಸ್ತಕ ಮಾಡಬೇಕೆಂದುಕೊಂಡು, ನಿಮ್ಮ ತಂದೆತಾಯಿಯರ ಮದುವೆಯ ಪಟಗಳಿದ್ದರೆ ಕಳಿಸಿ ಎಂದು ಗೆಳೆಯರನ್ನು ಕೇಳಿದರು. ಪಟಗಳ ಜೊತೆಗೆ ಕತೆಗಳೂ ಬಂದವು: ದೇಶ ವಿಭಜನೆಯಲ್ಲಿ ಊರು ಬಿಟ್ಟವರದು, ಕುಲ ಮೀರಿ ಮದುವೆಯಾದವರದು, ಓದಿದ ಹೆಣ್ಣುಮಕ್ಕಳದು. ಮದುವೆಯ ಪುಸ್ತಕದ ಯೋಚನೆ ಹಾಗೆಯೇ ಬೆಳೆದು 2010ರಲ್ಲಿ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಆಯಿತು. ಮನೆಯ ಪಟಗಳಿಂದಲೇ ಈ ಉಪಖಂಡದ ಚರಿತ್ರೆಯನ್ನು ಕಟ್ಟುವ ಸಂಗ್ರಹ ಅದು. ಅಲ್ಲಿ ಬೆಲೆ ಇರುವುದು ಬರೀ ಪಟಕ್ಕಲ್ಲ, ‘ಇವರು ನನ್ನ ಅಜ್ಜಿ’ ಎಂದು ಯಾರೋ ಹೇಳುವ ನಾಲ್ಕು ಸಾಲಿಗೆ.

ಪಟ ಬರೀ ನೆನಪಲ್ಲ, ಸಾಕ್ಷಿಯೂ ಹೌದು. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2006ರಲ್ಲಿ. ಅದಕ್ಕೆ ಮೊದಲು ಮದುವೆಯಾದ ಎಷ್ಟೋ ಹೆಂಗಸರ ಬಳಿ ಲಗ್ನಪತ್ರಿಕೆ ಮತ್ತು ಒಂದೆರಡು ಪಟ ಬಿಟ್ಟರೆ ಬೇರೆ ಕಾಗದವೇ ಇಲ್ಲ. 2024ರಲ್ಲಿ ಅದೇ ಕೋರ್ಟು, ಹಿಂದೂ ವಿವಾಹದಲ್ಲಿ ಶಾಸ್ತ್ರಗಳು ನಡೆಯದೆ ಬರೀ ಸರ್ಟಿಫಿಕೇಟಿನಿಂದ ಮದುವೆ ಆಗುವುದಿಲ್ಲ ಎಂದಿತು. ಶಾಸ್ತ್ರ ನಡೆದಿತ್ತು ಎಂದು ತೋರಿಸಬೇಕಾದ ದಿನ ಬಂದರೆ ಧಾರೆಯ ಪಟ ಕೆಲಸಕ್ಕೆ ಬರುತ್ತದೆ. ಪಕ್ಕದಲ್ಲಿ ನಿಂತ ನೆಂಟರು ಯಾರೆಂದು ತಿಳಿದಿದ್ದರೆ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಆಲ್ಬಂ ಗಂಡನ ಮನೆಯ ಬೀರುವಿನಲ್ಲಿ ಉಳಿದುಹೋದರೂ, ನೆಂಟರ ಮನೆಯಲ್ಲಿರುವ ಪಟವನ್ನು ಅವಳಿಂದ ಯಾರೂ ಕಿತ್ತುಕೊಳ್ಳಲಾರರು.

ಒಟ್ಟುಮಾಡುವಷ್ಟೇ ಎಚ್ಚರ ಹಂಚುವುದರಲ್ಲೂ ಬೇಕು. ಹಿಂದೆ ಒಂದು ಪಟ ನಾಲ್ಕು ಮನೆ ಸುತ್ತಲು ನಾಲ್ಕು ವರ್ಷ ಬೇಕಿತ್ತು, ಈಗ ನಾಲ್ಕು ಗಳಿಗೆಯಲ್ಲಿ ಗೊತ್ತಿಲ್ಲದವರ ಕೈಯಲ್ಲಿರುತ್ತದೆ. ಮಗುವಿಗೆ ಹಾಲು ಕೊಡುತ್ತಿದ್ದವಳು, ಕಳಿಸಿಕೊಡುವಾಗ ಬಿಕ್ಕಿದ ತಾಯಿ, ಸೀರೆ ಸರಿಪಡಿಸಿಕೊಳ್ಳುತ್ತಿದ್ದ ಹುಡುಗಿ, ಇವರನ್ನು ಕೇಳದೆ ಗುಂಪಿಗೆ ಹಾಕುವುದು ಸಲ್ಲದು. ನಮ್ಮ ಮನೆಯಲ್ಲಿ ನಾವೊಂದು ನಿಯಮ ಇಟ್ಟುಕೊಂಡಿದ್ದೇವೆ. ಪಟಗಳೆಲ್ಲ ಮೊದಲು ಒಬ್ಬರ ಹತ್ತಿರ ಬರಬೇಕು. ಅವರು ಆಯ್ದು, ಬೇಡವೆಂದವರದನ್ನು ತೆಗೆದು, ಆಮೇಲೆ ಎಲ್ಲರಿಗೂ ಹಂಚಬೇಕು. ಮುಯ್ಯಿ ಬರೆಯಲು ಕೂರಿಸುತ್ತಿದ್ದೆವಲ್ಲ, ಹಾಗೆಯೇ ಈಗ ಪಟ ಬರೆಯಲು ಒಬ್ಬಳನ್ನು ಕೂರಿಸುತ್ತೇವೆ. ಕಳಿಸುವವರು ಕುಗ್ಗಿಸದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಅವ��ಲ್ಲಿ ಅರವತ್ತನ್ನು ಆಯ್ದು ಕಾಗದದ ಮೇಲೆ ಪ್ರಿಂಟು ಹಾಕಿಸಿ, ಹಿಂದೆ ಮೆದು ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ, ತೆಗೆದವರ ಹೆಸರು ಬರೆಯುತ್ತೇವೆ. ಹೆಂಗಸರಾದರೆ ತವರಿನ ಹೆಸರನ್ನೂ ಬರೆಯುತ್ತೇವೆ. ಅಡಿಗೆಯವರನ್ನು, ಎಲೆ ತೆಗೆದವರನ್ನು, ಹೂ ಕಟ್ಟಿದವರನ್ನು ಕೇಳಿ ಒಂದು ಪಟ ತೆಗೆದು, ಅವರ ಹೆಸರನ್ನೂ ಬರೆದು, ಒಂದು ಕಾಪಿ ಅವರಿಗೂ ಮುಟ್ಟಿಸುತ್ತೇವೆ. ಇದೇನೂ ದೊಡ್ಡ ಸಾಹಸವಲ್ಲ, ಎರಡು ಭಾನುವಾರದ ಮಧ್ಯಾಹ್ನ ಸಾಕು. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದರೆ ಈ ಭಾನುವಾರವೇ ಕೂರುವುದು ಒಳ್ಳೆಯದು. ಅವರಿಗೆ ಪಟ ತೋರಿಸಿ ನೋಡಿ. ನಿನ್ನೆ ಏನು ಉಂಡೆವೆಂದು ಮರೆತವರು ಅರವತ್ತು ವರ್ಷದ ಹಿಂದಿನ ಸೀರೆಯ ಬಣ್ಣ ಹೇಳುತ್ತಾರೆ.

ಆ ಹಿತ್ತಲಿನ ಚೌಕದಲ್ಲಿ ಐದು ಜನರಿದ್ದರು ಎಂದೆನಲ್ಲ. ಅಕ್ಕಯ್ಯನ ಹೆಸರು ಸಿಕ್ಕಿತು. ಎಡಗಡೆಯ ಇಬ್ಬರನ್ನು ಚಿಕ್ಕಮ್ಮ ಗುರುತು ಹಿಡಿದರು. ಒರಳಿನ ಪಕ್ಕ ಬೆನ್ನು ಮಾಡಿ ಕೂತವರು ಮತ್ತು ಅವರ ಹಿಂದೆ ಬಿಂದಿಗೆ ಹೊತ್ತು ನಗುತ್ತಿರುವ ಹುಡುಗಿ ಯಾರೆಂದು ಇನ್ನೂ ಗೊತ್ತಾಗಿಲ್ಲ. ಆಗ ಎದುರುಮನೆಯಲ್ಲಿದ್ದವರೊಬ್ಬರು ಈಗ ತಿಪಟೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಕಣ್ಣು ಇನ್ನೂ ಚೆನ್ನಾಗಿದೆಯಂತೆ. ಪಟವನ್ನು ದೊಡ್ಡದು ಮಾಡಿಸಿಟ್ಟಿದ್ದೇನೆ. ಶ್ರಾವಣ ಕಳೆಯುವುದರೊಳಗೆ ಹೋಗಿಬರಬೇಕು.